ಅಂಚಿಗೆ ಸೀಸ

ಮೀನುಬಲೆಗೆ ಕಟ್ಟುವ ಸೀಸದ ಗುಂಡು
ಬಾಯಿಣಾ ದಂಡೆಯ ಹತ್ತಿರ ತೂಕಕ್ಕೆ ಸಿಗುತ್ತದೆ.
ಒಂದು ಬಿಳಿ ನಿಲುವಂಗಿಗೆ ಎಂಟು ಸಾಕು.
ಅಂಚು ಮಡಿಸಿ, ಗುಂಡು ಒಳಗಿಟ್ಟು, ಎರಡು ಸುತ್ತು ಹೊಲಿಗೆ.
ಇಲ್ಲದಿದ್ದರೆ ಕಡಲಿಗಿಳಿದ ಕೂಡಲೇ ಬಟ್ಟೆ
ಕೊಡೆಯ ಹಾಗೆ ಬಿಚ್ಚಿಕೊಂಡು
ಹೆಣ್ಣುಮಕ್ಕಳ ಮಾನ ಮೇಲೆ ತೇಲುತ್ತದೆ.

ಹದಿನಾಲ್ಕು ವರ್ಷದಲ್ಲಿ ಮೂವತ್ತೊಂದು ಹೊಲಿದೆ.
ಡಾಂಬರು ಕೆಲಸದ ಹನುಮವ್ವನಿಗೆ,
ಮುಳುಗೆದ್ದ ಮೇಲೂ ಆಕೆ ಹನುಮವ್ವನೇ:
"ಹೆಸರಿನಾಗೇನೈತಿ, ಮುಳುಗಿದಾಕಿ ನಾನಽ ಅಲ್ಲೇನು?"
ಬಂದರಿನ ಕ್ರೇನು ನಡೆಸುವ ತಿಪ್ಪಣ್ಣನಿಗೆ, ಎದೆ ನಲವತ್ತಾರು.
ನನ್ನ ಅಳತೆ ಯಾರೂ ಕೇಳಲಿಲ್ಲ.
ನನಗೆ ಆಗಿತ್ತಲ್ಲ,
ಬೆಟಗೇರಿ ಮಿಶನ್ ಚರ್ಚಿನಲ್ಲಿ, ನಲವತ್ತು ದಿನದ ಕೂಸಿಗೆ
ಹಿತ್ತಾಳೆ ಬಟ್ಟಲಿನಿಂದ ಮೂರು ಬೆರಳು ನೀರು.
ಜೋರಾಗಿ ಅತ್ತೆನಂತೆ. ಅವ್ವ ಅದನ್ನೇ ಸಾಕ್ಷಿ ಅನ್ನುತ್ತಾಳೆ.

ಪಾಸ್ಟರ್ ಸಮಾಧಾನಪ್ಪ ವಾರವೆಲ್ಲ ಫ್ರಿಜ್ಜು ರಿಪೇರಿ ಮಾಡಿ
ಭಾನುವಾರ ಮಂಗೋರ್ ಗುಡ್ಡದ ಟಾಯರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಅದೇ ಕೈಯಿಂದ ರೊಟ್ಟಿ ಮುರಿಯುತ್ತಾರೆ.
ಒತ್ತಾಯ ಮಾಡಿದವರಲ್ಲ. ಒಂದೇ ಸಲ ಕೇಳಿದರು:
"ಅತ್ತದ್ದು ಕೂಸು, ಕೃಪಕ್ಕ. ಹೂಂ ಅಂದದ್ದು ಯಾರು?"

ಹಳೆಯ ಕಥೆಗಳನ್ನೂ ಅವರೇ ಹೇಳಿದ್ದು.
ಐನೂರು ವರ್ಷದ ಕೆಳಗೆ, ಚಳಿನಾಡಿನ ಒಂದು ಊರಲ್ಲಿ
ಎರಡನೇ ಸಲ ನೀರು ಬೇಕೆಂದವನಿಗೆ
ತಗೋ ನೀರು ಎಂದು ಕೈಕಾಲು ಕಟ್ಟಿ ಹೊಳೆಗೆ ತಳ್ಳಿದರಂತೆ.
ತಳ್ಳಿದವರೂ ಬೈಬಲ್ಲಿನವರೇ.
(ಸತ್ತವರು ನಮ್ಮ ನೇರ ಹಿರಿಯರಲ್ಲ, ದೊಡ್ಡಪ್ಪನ ಕಡೆಯವರು.)
ಇಂಗ್ಲಂಡಿನಲ್ಲಿ, ನಂಬಿಕೆಯ ಮೇಲೆ ರಾಜನಿಗೆ ಸುಂಕವಿಲ್ಲ ಅಂದವರು
ಜೈಲಿನಲ್ಲೇ ಮುದುಕರಾದರು, ಕೆಲವರು ಅಲ್ಲೇ ಹೋದರು.
ಆಮೇಲೆ ಈ ಗೋವೆ. ಇಲ್ಲಿ ದನಿ ತಗ್ಗಿಸುತ್ತಾರೆ.
ಒಂದು ಕಾಲಕ್ಕೆ ಇಲ್ಲಿ ಹುಕುಮಿನ ನೀರು ಸುರಿಯಿತು,
ಬೇಡವೆಂದವರು ದೇವರನ್ನು ಹೊತ್ತುಕೊಂಡು
ಕತ್ತಲಲ್ಲಿ ಜುವಾರಿ ದಾಟಿದರು.
"ಅವರ ಮೇಲೆ ನನಗೆ ಗೌರವ" ಅನ್ನುತ್ತಾರೆ ಪಾಸ್ಟರು,
"ಬೇಡ ಅನ್ನಲು ಬಾರದಿದ್ದಲ್ಲಿ
ಹೂಂ ಅಂದರೆ ಅದಕ್ಕೇನು ಬೆಲೆ?"

ಮನೆಗೆ ಬಂದು ಅವ್ವನಿಗೆ ಫೋನು ಹಚ್ಚಿದೆ.
"ಬೆಟಗೇರಿ ನೀರು ಸಪ್ಪಗಾತೇನ, ಉಪ್ಪುನೀರು ಬೇಕಾತು?"
ಇಟ್ಟೇಬಿಟ್ಟಳು. ಅರ್ಧ ತಾಸಿಗೆ ಮತ್ತೆ ರಿಂಗು:
"ಥಂಡ್ಯಾಗ ಭಾಳ ಹೊತ್ತು ನಿಲ್ಲಬ್ಯಾಡ."

ನನ್ನ ಅಳತೆ ನಾನೇ ತೆಗೆಯಹೋದರೆ
ಟೇಪು ಬೆನ್ನ ಮೇಲೆ ಜಾರಿತು.
ಹನುಮವ್ವ ಬಂದು ಹಿಡಿದಳು, ಅವಳ ಬೆರಳಲ್ಲಿ ಡಾಂಬರು.
ಸೀಸ ಒಂಬತ್ತು ಹಾಕಿದೆ. ನನಗೆ ಧೈರ್ಯ ಸಾಲದು.

ಬೆಳಗಿನ ಇಳಿತ. ಬಲೆ ಎಳೆಯುತ್ತಿದ್ದವರು ನಿಂತು ನೋಡಿದರು,
ಒಬ್ಬ ಮುದುಕ ಟೊಪ್ಪಿಗೆ ತೆಗೆದ.
ನಂಬುತ್ತೀಯಾ ಎಂದು ಕೇಳಿದರು. ಹೂಂ ಅಂದೆ.
ಅಲೆಯ ಸದ್ದಿಗೆ ಅವರಿಗೆ ಕೇಳಲಿಲ್ಲ.
ಮತ್ತೆ ಕೇಳಿದರು. ಐವತ್ಮೂರು ವರ್ಷದ ಹೆಂಗಸು
ಜೀವಮಾನದಲ್ಲಿ ಮೊದಲ ಸಲ ಬಯಲಲ್ಲಿ ಕೂಗಿದೆ.

ಒಳಗೆ ಬೆಳಕೇನೂ ಕಾಣಲಿಲ್ಲ.
ದೂರದ ಅದಿರು ಹಡಗಿನ ಎಂಜಿನ್ನು
ಎದೆಯೊಳಗೇ ಇದ್ದ ಹಾಗೆ ಬಡಿಯಿತು.
ಸೀಸ ಹರಡಿಗೆ ತಾಗಿತು.
ಎದ್ದಾಗ ಮೂಗಿನ ತುಂಬ ಉಪ್ಪು, ಹನುಮವ್ವನ ಟವೆಲು.

ಮುಂದಿನ ಭಾನುವಾರ ಸಭೆ.
ನಮಗೆ ಬಿಷಪ್ಪಿಲ್ಲ, ಮೇಲಿನಿಂದ ಕಾಗದ ಬರುವುದಿಲ್ಲ,
ಮುಳುಗೆದ್ದವರ ಕೈ ಎಣಿಸುವುದೇ ತೀರ್ಮಾನ.
ಮೈಕು ಕೊಳ್ಳೋಣ ಅಂದರು ಪಾಸ್ಟರು.
ಇಪ್ಪತ್ತೆರಡು ಜನರ ಕೋಣೆಗೆ, ಮೈಕು!
ಬೇಡ ಅನ್ನುವವರು?
ನನ್ನ ಕೈ ನನಗಿಂತ ಮೊದಲೇ ಎದ್ದಿತ್ತು.
ಸಮಾಧಾನಪ್ಪ ಕನ್ನಡಕ ಏರಿಸಿಕೊಂಡು ಎಣಿಸಿ
ತಮ್ಮ ಕೈಯಾರೆ ಬರೆದರು:
ಬೇಕು ಒಂಬತ್ತು, ಬೇಡ ಹದಿಮೂರು.
ಪ್ರಾರ್ಥನೆಗೆ ಎಲ್ಲ ತಲೆ ಬಾಗಿದಾಗ
ಕಿಟಕಿಯ ಕೆಳಗೆ ಅಂಗಡಿಯ ಹುಡುಗ
ಟ್ಯೂಬೊಂದನ್ನು ತೊಟ್ಟಿಯ ನೀರಿಗೆ ಒತ್ತಿ
ಎಲ್ಲಿಂದ ಗುಳ್ಳೆ ಏಳುತ್ತದೋ ಎಂದು
ಬಗ್ಗಿ ನೋಡುತ್ತಿದ್ದ.